ಸೆಷನ್ ನಿರ್ವಹಣೆ (ವೆಬ್ ಆ್ಯಪ್)

ಲಾಗಿನ್ ಆದವರನ್ನು ಲಾಗೌಟ್ ಆಗುವವರೆಗೆ ಸರ್ವರ್ ಗುರುತಿಟ್ಟುಕೊಳ್ಳುವ ವ್ಯವಸ್ಥೆ. ವೆಬ್ ನಡೆಯುವ ಎಚ್‌ಟಿಟಿಪಿ ನಿಯಮಾವಳಿಗೆ ನೆನಪಿನ ಶಕ್ತಿಯಿಲ್ಲ. ಪ್ರತಿ ಕೋರಿಕೆಯೂ ಅದಕ್ಕೆ ಹೊಸತು. ಈ ಕೊರತೆ ನೀಗಲು ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ಕುಕಿಯನ್ನು ರೂಪಿಸಿದರು. ಪಾಸ್‌ವರ್ಡ್ ಸರಿಹೊಂದಿದಾಗ ಸರ್ವರ್ ಕೊಡುವ ಸೆಷನ್ ಐಡಿಯನ್ನು ಬ್ರೌಸರ್ ಕುಕಿಯಲ್ಲಿಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಬಿಲ್ಲೆ ತಂದವರ ಹೆಸರನ್ನು ಯಾರೂ ಕೇಳುವುದಿಲ್ಲ, ಇಲ್ಲಿಯೂ ಹಾಗೆಯೇ. ಐಡಿ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಬಿಡುಗಡೆ ಮಾಡಿದ ‘ಫೈರ್‌ಶೀಪ್’ ಎಂಬ ಬ್ರೌಸರ್ ವಿಸ್ತರಣೆ ಇದನ್ನು ಜಗತ್ತಿಗೇ ತೋರಿಸಿತು. ಆಗ ಹಲವು ದೊಡ್ಡ ತಾಣಗಳು ಲಾಗಿನ್ ಪುಟವನ್ನು ಮಾತ್ರ ಗೂಢಲಿಪೀಕರಿಸಿ, ಮುಂದಿನ ಕುಕಿಗಳನ್ನು ಬಯಲಲ್ಲೇ ಕಳಿಸುತ್ತಿದ್ದವು. ತೆರೆದ ವೈಫೈನಲ್ಲಿ ಅವನ್ನು ಹಿಡಿಯಲು ಒಂದು ಕ್ಲಿಕ್ ಸಾಕಾಯಿತು.

ಬಾಗಿಲ ಬೀಗಕ್ಕೆ ಕೊಟ್ಟ ಗಮನ ಒಳಗಿನ ಓಡಾಟಕ್ಕೆ ಸಿಗದಿರುವುದೇ ಈ ಕ್ಷೇತ್ರದ ಹಳೆಯ ರೋಗ. ಚೆನ್ನೈಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಇದು ಇನ್ನೊಂದು ರೂಪದಲ್ಲಿ ಕಾಣಿಸಿತು. 1996ರಲ್ಲಿ ಅಡ್ವೆಂಟ್‌ನೆಟ್ ಹೆಸರಿನಲ್ಲಿ ಆರಂಭವಾದ, ಚೆನ್ನೈನಲ್ಲಿ ನೆಲೆಯಿರುವ ಜೋಹೋದ ಮ್ಯಾನೇಜ್‌ಎಂಜಿನ್ ವಿಭಾಗ ‘ಎಡಿಸೆಲ್ಫ್‌ಸರ್ವಿಸ್ ಪ್ಲಸ್’ ಎಂಬ ತಂತ್ರಾಂಶ ಮಾರುತ್ತದೆ. ಸಂಸ್ಥೆಯ ನೌಕರರು ಪಾಸ್‌ವರ್ಡನ್ನು ತಾವೇ ಬದಲಿಸಿಕೊಳ್ಳಲು, ಒಂದೇ ಲಾಗಿನ್‌ನಲ್ಲಿ ಹಲವು ಸೇವೆ ಪಡೆಯಲು ಅದು ನೆರವಾಗುತ್ತದೆ. 2021ರ ಸೆಪ್ಟೆಂಬರಿನಲ್ಲಿ ಹೊರಬಿದ್ದ ದೋಷದಲ್ಲಿ (ಸಿವಿಇ-2021-40539) ಯಾರ ಸೆಷನ್ನನ್ನೂ ಕದಿಯಬೇಕಿರಲಿಲ್ಲ. ವಿಳಾಸದ ನಡುವೆ ಒಂದು ಚುಕ್ಕಿ, ಒಂದು ಓರೆಗೆರೆ ಸೇರಿಸಿದರೆ ತಪಾಸಣೆಯ ಫಿಲ್ಟರ್ ಆ ದಾರಿಯನ್ನು ಗುರುತಿಸದೆ ಬಿಟ್ಟುಬಿಡುತ್ತಿತ್ತು. ಸರ್ವರ್ ಮಾತ್ರ ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡು ಕೆಲಸ ನಡೆಸುತ್ತಿತ್ತು. ತೀವ್ರತೆಗೆ 10ರಲ್ಲಿ 9.8 ಅಂಕ ಬಿತ್ತು. ಕಂಪನಿ 6114ನೇ ಬಿಲ್ಡ್‌ನಲ್ಲಿ ತಿದ್ದುಪಡಿ ತಂದಿತು. ಸೆಪ್ಟೆಂಬರ್ 16ರಂದು ಎಫ್‌ಬಿಐ ಸೇರಿ ಅಮೆರಿಕದ ಮೂರು ಸಂಸ್ಥೆಗಳು ಜಂಟಿ ಎಚ್ಚರಿಕೆ ಕೊಟ್ಟವು. ಡೊಮೇನಿನ ಪಾಸ್‌ವರ್ಡ್ ಕಡತ ಸೋರಿದ ಕುರುಹಿದ್ದರೆ ಎಲ್ಲರ ಪಾಸ್‌ವರ್ಡ್ ಬದಲಿಸಿ, ಡೊಮೇನಿನೊಳಗೆ ಬಳಕೆದಾರರ ಗುರುತಿಗೆ ಸಾಕ್ಷಿಯಾಗುವ ಕೆರ್ಬರೋಸ್ ಟಿಕೆಟ್‌ನ ಕೀಲಿಯನ್ನು ಎರಡು ಬಾರಿ ಮರುಹೊಂದಿಸಬೇಕು ಎಂಬ ಸಲಹೆ ಅದರಲ್ಲಿತ್ತು. ಹಳೆಯ ಟಿಕೆಟ್ ಉಳಿದರೆ ಹೊಸ ಪಾಸ್‌ವರ್ಡ್ ಹಾಕಿದ್ದೂ ದಂಡ.

ಉಳಿದ ಕ್ರಮಗಳು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರುವಂಥವು, ಪಾಲನೆ ಮಾತ್ರ ಕಡಿಮೆ. ವೆಬ್ ಸುರಕ್ಷತೆಯ ಸಂಘಟನೆ ಓಡಬ್ಲ್ಯೂಎಎಸ್‌ಪಿ ಪ್ರಕಾರ ಐಡಿಯಲ್ಲಿ ಕನಿಷ್ಠ 64 ಬಿಟ್‌ಗಳಷ್ಟು ಯಾದೃಚ್ಛಿಕತೆ ಇರಬೇಕು. ಲಾಗಿನ್ ಆದೊಡನೆ ಐಡಿ ಬದಲಾಗಬೇಕು. ಇಲ್ಲವಾದರೆ ದಾಳಿಕೋರ ಮೊದಲೇ ಅಂಟಿಸಿಟ್ಟ ಐಡಿಯೇ ಅಧಿಕೃತವಾಗುತ್ತದೆ. ಕುಕಿಗೆ ಸೆಕ್ಯೂರ್ (ಗೂಢಲಿಪೀಕರಿಸಿದ ಸಂಪರ್ಕದಲ್ಲಷ್ಟೇ ಹೋಗಲು), ಎಚ್‌ಟಿಟಿಪಿಓನ್ಲಿ (ಪುಟದ ಸ್ಕ್ರಿಪ್ಟ್‌ಗೆ ಸಿಗದಿರಲು), ಸೇಮ್‌ಸೈಟ್ (ಬೇರೆ ತಾಣದಿಂದ ಹೊರಟ ಕೋರಿಕೆಯ ಜೊತೆ ಹೋಗದಿರಲು) ಗುರುತುಗಳಿರಬೇಕು. ಲಾಗೌಟ್ ಎಂದರೆ ಬ್ರೌಸರಿನಿಂದ ಕುಕಿ ಅಳಿಸುವುದಷ್ಟೇ ಅಲ್ಲ, ಸರ್ವರ್ ಕೂಡ ಅದನ್ನು ರದ್ದುಮಾಡಬೇಕು.

ಭಾರತದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಲು, ಲಾಗ್‌ಗಳನ್ನು 180 ದಿನ ಕಾಯ್ದಿಡಲು ಹೇಳಿದೆ. ಆ ಲಾಗ್‌ಗಳಲ್ಲಿ ಸೆಷನ್ ಐಡಿ ಹಾಗೆಯೇ ಉಳಿಯಬಾರದು. 2023ರಲ್ಲಿ ಲಾಗಿನ್ ಸೇವೆ ಒದಗಿಸುವ ಓಕ್ಟಾ ಕಂಪನಿಯ ಗ್ರಾಹಕರು ದೂರಿನ ಜೊತೆ ಕಳಿಸಿದ್ದ ಬ್ರೌಸರ್ ದಾಖಲೆಗಳಲ್ಲಿ ಜೀವಂತ ಸೆಷನ್ ಟೋಕನ್‌ಗಳಿದ್ದವು. ದಾಳಿಕೋರರ ಕೈಸೇರಿದ ಅವುಗಳಿಂದಲೇ ಐದು ಗ್ರಾಹಕ ಸಂಸ್ಥೆಗಳ ಸೆಷನ್ ಅಪಹರಣವಾಯಿತು.