ಅಠಾರಾ ಕಚೇರಿಯ ವೃತ್ತಾಂತ

ಬೆಂಗಳೂರಿನ ಅಠಾರಾ ಕಚೇರಿಯ ಹೆಸರಿಗೆ ಹದಿನೆಂಟು ಇಲಾಖೆಗಳ ನೆಲೆಯೆಂದರ್ಥ. 1831ನೆಯ ಇಸವಿಯಲ್ಲಿ ಮೈಸೂರು ಸೀಮೆಯ ಆಡಳಿತವು ಬ್ರಿಟಿಷ್ ಕಮಿಷನರುಗಳ ವಶವಾದ ಮೇಲೆ ಸರ್ಕಾರದ ಕಚೇರಿಗಳು ಟಿಪ್ಪೂ ಸುಲ್ತಾನನ ಮರದ ಅರಮನೆಯಲ್ಲಿ ನಡೆಯುತ್ತಿದ್ದುವು. 1791ರಲ್ಲಿ ಪೂರ್ಣಗೊಂಡ ಆ ಅರಮನೆಯು ಬೆಳೆಯುತ್ತಿದ್ದ ಇಲಾಖೆಗಳಿಗೆ ಸಾಲದಾಯಿತು. ಆದಕಾರಣ 1864ರಿಂದ 1868ರವರೆಗೆ ಸ್ಯಾಂಕಿಯೆಂಬ ಇಂಜಿನಿಯರನ ಯೋಜನೆಯಂತೆ ಈ ಹೊಸ ಮಂದಿರವು ನಿರ್ಮಿತವಾಯಿತು. ಕಟ್ಟಿಸುವ ಗುತ್ತಿಗೆಯನ್ನು ವಹಿಸಿಕೊಂಡವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು.

ಕಲ್ಲು ಇಟ್ಟಿಗೆಗಳ ಈ ಎರಡಂತಸ್ತಿನ ಕೆಂಪು ಕಟ್ಟಡದಲ್ಲಿ ನಮ್ಮ ಸೀಮೆಯ ಹವೆಗೆ ಒಪ್ಪುವ ಗುಣಗಳು ಅನೇಕವಿವೆ. ದಪ್ಪನಾದ ಗೋಡೆಗಳು ಹಗಲಿನ ತಾಪವನ್ನು ಬೇಗನೆ ಒಳಕ್ಕೆ ಬಿಡುವುದಿಲ್ಲ. ಕಂಬಗಳ ಮೊಗಸಾಲೆಗಳು ಬಿಸಿಲನ್ನೂ ಮಳೆಯ ಎರಚಲನ್ನೂ ತಡೆಯುತ್ತವೆ. 1870ರಲ್ಲಿ ಏರ್ಪಟ್ಟ ಕಬ್ಬನ್ ಉದ್ಯಾನದ ಮರಗಳು ಸನಿಹದಲ್ಲಿಯೇ ಇದ್ದು ಗಾಳಿಯನ್ನು ತಂಪುಗೊಳಿಸುತ್ತವೆ. ಯಂತ್ರದ ನೆರವಿಲ್ಲದೆ ನೆಳಲನ್ನೂ ಗಾಳಿಯನ್ನೂ ಒದಗಿಸುವುದೇ ಅಂದಿನ ಶಿಲ್ಪಿಗಳ ಕ್ರಮವಾಗಿತ್ತು.

1956ರಲ್ಲಿ ಇದಿರಿನ ವಿಧಾನಸೌಧವು ಪೂರ್ಣವಾಗಿ ಇಲಾಖೆಗಳು ಅಲ್ಲಿಗೆ ತೆರಳಿದರೂ ಹಳೆಯ ಮಂದಿರವು ಪಾಳುಬೀಳಲಿಲ್ಲ. ಉಚ್ಚ ನ್ಯಾಯಾಲಯಕ್ಕೆ ಆಶ್ರಯವಾಯಿತು. ಆದರೂ 1982ರಲ್ಲಿ ಇದನ್ನು ಕೆಡವಿ ಹೊಸದನ್ನು ಕಟ್ಟಬೇಕೆಂಬ ಆಲೋಚನೆ ಹುಟ್ಟಿತು. ನಾಗರಿಕರು 1984ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. ಯಾವ ಕಟ್ಟಡದ ಅಳಿವು ಉಳಿವು ವಿವಾದದ ವಿಷಯವೋ ಆ ಕಟ್ಟಡದೊಳಗೆಯೇ ವಿಚಾರಣೆ ನಡೆದದ್ದು ಸೋಜಿಗವಷ್ಟೆ! 1985ರಲ್ಲಿ ಅರ್ಜಿಯು ತಿರಸ್ಕೃತವಾಯಿತು. ಆದರೆ ಜನಾಭಿಪ್ರಾಯದ ಬಲವು ಕುಗ್ಗಲಿಲ್ಲ. ಕೆಡವುವ ಆಲೋಚನೆಯೇ ಕೊನೆಗೆ ಹಿಂದಾಯಿತು. ಮಂದಿರವು ಇಂದಿಗೂ ನ್ಯಾಯಪೀಠವನ್ನು ಧರಿಸಿ ನಿಂತಿದೆ.

ಅಂದು ಉಳಿದುದು ಅಂದಚೆಂದವೊಂದೇ ಎಂದು ಬಗೆಯಲಾಗದು. ಆ ಇಟ್ಟಿಗೆಗಳನ್ನು ಸುಡಲು ಉರಿದ ಸೌದೆ, ಸುಣ್ಣವನ್ನು ಬೇಯಿಸಿದ ಬೆಂಕಿ, ಕಲ್ಲನ್ನು ಸಾಗಿಸಿದ ಶ್ರಮ, ಇವೆಲ್ಲವೂ ಗೋಡೆಗಳಲ್ಲಿ ಅಡಗಿವೆ. ಕೆಡವಿದರೆ ಇವೆಲ್ಲ ಮಣ್ಣುಪಾಲಾಗುವುವು. ಮೇಲಾಗಿ ಒಂದು ಟನ್ ಹೊಸ ಸಿಮೆಂಟಿನ ತಯಾರಿಕೆಯಲ್ಲಿ 500 ಕಿಲೋಗ್ರಾಂಗೂ ಮಿಕ್ಕ ಇಂಗಾಲಾಮ್ಲವು ಆಕಾಶವನ್ನು ಸೇರುವುದು. ಹೊಸತನ್ನು ಕಟ್ಟುವುದಕ್ಕಿಂತ ಜೀರ್ಣೋದ್ಧಾರವೇ ಹೆಚ್ಚಿನ ಪುಣ್ಯವೆಂದು ಪೂರ್ವಿಕರು ಭಾವಿಸಿದುದರಲ್ಲಿ ಲೋಕಹಿತದ ಲೆಕ್ಕವೂ ಇದ್ದಿತೆನ್ನಬೇಕು.

ಇಂಥ ಮಂದಿರಗಳ ಪಾಲನೆಗೆ ಆಡಂಬರವು ಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ಶುಚಿಮಾಡಬೇಕು. ಬಿರುಕುಗಳಲ್ಲಿ ಮೊಳೆತ ಅರಳಿಯ ಸಸಿಯನ್ನು ಬೇರುಸಹಿತ ಕೀಳಬೇಕು. ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಿಯಬೇಕು. ಸಿಮೆಂಟನ್ನು ಮೆತ್ತಿದರೆ ತೇವವು ಹೊರಬರಲಾರದೆ ಇಟ್ಟಿಗೆಯನ್ನು ತಿನ್ನುವುದು. ಕಿಟಕಿಗಳನ್ನು ತೆರೆದಿಡಬೇಕು, ಸುತ್ತಣ ಮರಗಳನ್ನು ಕಾಯಬೇಕು. ಎಲ್ಲಕ್ಕೂ ಮಿಗಿಲಾಗಿ ಕಟ್ಟಡವು ಬಳಕೆಯಲ್ಲಿರಬೇಕು. ಜನಸಂಚಾರವಿರುವ ಮನೆಯಲ್ಲಿ ಸೋರುವ ಮಾಳಿಗೆಯು ಬೇಗನೆ ಕಣ್ಣಿಗೆ ಬೀಳುವುದು.

ಪ್ರತಿಯೊಂದು ಜಿಲ್ಲೆಯಲ್ಲಿಯೂ ಹಳೆಯ ಕಚೇರಿ, ಪಾಠಶಾಲೆ, ಛತ್ರಗಳು ಹಲವಿವೆ. ಅವುಗಳ ಮೇಲೆ ಹಾರೆಯನ್ನೆತ್ತುವ ಮುನ್ನ ಅಠಾರಾ ಕಚೇರಿಯ ವೃತ್ತಾಂತವನ್ನು ಅಧಿಕಾರಿಗಳೂ ಪುರಜನರೂ ಒಮ್ಮೆ ನೆನೆಯುವುದು ಉಚಿತ.