ಮಿರಗದ ಮಳೆ, ಚಂದ್ರನ ತಿಂಗಳು
ನವಲಗುಂದ, ಅಣ್ಣಿಗೇರಿಯ ಎರೆಹೊಲದಲ್ಲಿ ನಾವು ಹೆಸರು ಬಿತ್ತುವುದು ಮಿರಗದ ಮಳೆ ನೋಡಿ. ರೋಜಾ ಹಿಡಿಯುವುದು ಚಂದ್ರನನ್ನು ನೋಡಿ. ಹಿಜರಿ ವರ್ಷಕ್ಕೆ 354 ದಿನ, ಸೂರ್ಯನ ವರ್ಷಕ್ಕೆ 365. ಈ ಹನ್ನೊಂದು ದಿನದ ಅಂತರದಿಂದಲೇ ರಮಝಾನ್ ಎಲ್ಲ ಕಾಲಗಳಲ್ಲೂ ಸುತ್ತಿ ಬರುತ್ತದೆ. ಆದರೆ ಕಂದಾಯಕ್ಕೂ ಅದೇ ಲೆಕ್ಕ ಹಿಡಿದರೆ, 32 ವರ್ಷ ಬೆಳೆ ತೆಗೆದ ರೈತ 33 ವರ್ಷದ ತೆರಿಗೆ ಕಟ್ಟಬೇಕು! ದಖ್ಖನಿನಲ್ಲಿ ಇದಕ್ಕೆ ಸಿಕ್ಕ ಪರಿಹಾರ ಶುಹೂರ್ ಸನ್. ಅದರ ಆರಂಭವನ್ನು 1344ಕ್ಕೆ ಎಣಿಸುತ್ತಾರೆ. ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದಾಗ ಹೊಸ ವರ್ಷ. ವರ್ಷದ ಅಂಕಿ ಮಾತ್ರ ಅರಬಿ ಪದಗಳಲ್ಲಿ. ರೈತನ ಹೊಟ್ಟೆ ಅರಿತ ಎಣಿಕೆ ಎಂದೇ ನಮಗನಿಸುತ್ತದೆ. ಇಬಾದತ್‌ನ ತಿಂಗಳುಗಳನ್ನು ಅದು ಮುಟ್ಟಲೂ ಇಲ್ಲ. ಆದಿಲ್‌ಶಾಹಿ ಕಚೇರಿಗಳಲ್ಲಿದ್ದ ಈ ಸನ್ ಅನ್ನು ಮರಾಠರೂ ಬಿಡಲಿಲ್ಲ. ಪೇಶ್ವೆಯರ ದಫ್ತರದಲ್ಲಿ ಅದರ ಪಕ್ಕದಲ್ಲೇ ಮೊಹರಂ, ಸಫರ್‌ನ ತಾರೀಖುಗಳಿವೆ.