ತೊರೆಯ ಚಿತ್ರಕ್ಕೆ ಮೋಡದ ಬೆಳಕೇ ಮೇಲು

ಮಲೆನಾಡಿನ ತೊರೆಗಳ ಛಾಯಾಗ್ರಹಣಕ್ಕೆ ಮೋಡ ಕವಿದ ಹೊತ್ತೇ ಸೂಕ್ತ. ಬಿಸಿಲಿನಲ್ಲಿ ನೊರೆಯು ವಿವರವಿಲ್ಲದೆ ಬೆಳ್ಳಗಾಗಿ, ಬಂಡೆಗಳು ಕಪ್ಪಾಗುತ್ತವೆ. ಐಎಸ್‌ಒ 100ಕ್ಕಿಳಿಸಿ, ಟ್ರೈಪಾಡ್ ಮೇಲಿರಿಸಿದ ಕ್ಯಾಮೆರಾದ ಶಟರನ್ನು ಅರ್ಧ ಸೆಕೆಂಡ್ ತೆರೆದರೆ ಹರಿವು ರೇಷ್ಮೆಯಂತೆ ಮೂಡುತ್ತದೆ. ಹತ್ತಾರು ಸೆಕೆಂಡ್ ತೆರೆದರೆ ಬರೀ ಮಂಜು. ಪೋಲರೈಸರ್ ಫಿಲ್ಟರ್ ಒದ್ದೆ ಬಂಡೆ, ಎಲೆಗಳ ಮೇಲಿನ ಹೊಳಪನ್ನು ತಗ್ಗಿಸಿ ಹಸಿರನ್ನು ಗಾಢವಾಗಿಸುತ್ತದೆ. ಬಿಳಿಯ ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು, ತೊರೆಯನ್ನು ಕೆಳಮೂಲೆಯಿಂದ ಓರೆಯಾಗಿ ಒಳಸಾಗಿಸಿದರೆ ನೋಡುಗರ ಕಣ್ಣೂ ಅದರೊಡನೆ ಸಾಗುತ್ತದೆ.

ಚಿತ್ರದ ಮುಂಭಾಗದಲ್ಲಿ ಬಂಡೆಯೊಂದಿರಲಿ. ಅದರ ಮೇಲೆ ನಿಲ್ಲುವುದು ಬೇಡ. 2023ರ ಜುಲೈನಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ, ವಿಡಿಯೊ ಚಿತ್ರೀಕರಣದ ವೇಳೆ ಬಂಡೆಯಂಚಿನಲ್ಲಿ ನಿಂತಿದ್ದ ಯುವಕನೊಬ್ಬ ಕಾಲುಜಾರಿ ನೀರುಪಾಲಾದ. ಮೇಲಣ ಕಾಡಿನಲ್ಲಿ ಮಳೆಯಾದರೆ ತೊರೆ ಹಠಾತ್ತನೆ ಉಕ್ಕಬಹುದು. ತಿಳಿನೀರು ಕೆಂಪಾದೊಡನೆ ಟ್ರೈಪಾಡ್ ಮಡಚಿ ದಡವೇರತಕ್ಕದ್ದು.